ಪಾಚಿಯ ಜಿಡ್ಡು ತೂಗುವ ನೀಲಾಂಬಿಕ

ನೀಲಾಂಬಿಕ ಯಾವ ವಸ್ತುವನ್ನೂ ಒಂದು ಸಲ ತೂಗಿ ನಂಬಿದವಳಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ, ತಕ್ಕಡಿಯ ಮೇಲೆ ಅಂಕಿ ಬಂದು ನಿಂತ ಮೇಲೆ, "ಇರ್ಲಿ, ಇನ್ನೊಂದ್ಸಲ" ಎನ್ನುತ್ತಾಳೆ. ಆ ಮಾತಿನಲ್ಲಿ ಸಂಶಯವಾಗಲಿ ಜಗಳದ ಆಹ್ವಾನವಾಗಲಿ ಇರುವುದಿಲ್ಲ. ಊಟಕ್ಕೆ ಕುಳಿತವರು ಇನ್ನೊಂದು ಸೌಟು ಸಾರು ಕೇಳುವಷ್ಟು ಸಹಜವಾಗಿ ಕೇಳುತ್ತಾಳೆ. ತರಕಾರಿಯ ಯಲ್ಲಪ್ಪ ಬಹಳ ವರ್ಷ ಸಹಿಸಿಕೊಂಡು, ಒಂದು ದಿನ ಬುಟ್ಟಿಯನ್ನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟ.

"ಅಕ್ಕಾರ, ಬದ್ನಿಕಾಯಿ ಅವೇ ಅದಾವು, ತಕ್ಡಿ ಅದೇ ಐತಿ, ನಾನೂ ಅವ್ನೇ ಅದೀನಿ. ಮತ್ತೇನು ಬದ್ಲಾಗ್ತೈತ್ರಿ?"

"ಏನೂ ಬದ್ಲಾಗಿಲ್ಲ ಅಂತ ಗೊತ್ತಾಗ್ತೈತಲ್ಲ ಯಲ್ಲಪ್ಪ, ಅಷ್ಟು ಸಾಕು" ಎಂದಳು.

ಅವಳ ಮದುವೆಯೂ ಇದೇ ಕ್ರಮದಲ್ಲಿ ಆಯಿತು. ಶಿಕಾರಿಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ರಾಜಕುಮಾರ್ ಹೆಣ್ಣು ನೋಡಲು ಬಂದು, ಉಪ್ಪಿಟ್ಟು ತಿಂದು, ಒಪ್ಪಿಗೆಯ ಮಾತಿಗೆ ಕಾದು ಕುಳಿತಾಗ, ಹುಡುಗಿ ಒಳಗಿನಿಂದ ಹೇಳಿ ಕಳಿಸಿದ್ದು ಇನ್ನೊಮ್ಮೆ ಬರಬೇಕು ಎಂದು. ಇನ್ನೊಮ್ಮೆ ಬಂದ. ಮತ್ತೊಮ್ಮೆ ಬರಬೇಕಾಯಿತು. ಅವಳ ತಂದೆ ಮಹೇಶ್ವರಪ್ಪನವರಿಗೆ ನೆಂಟರಿಷ್ಟರ ಮುಂದೆ ತಲೆಯೆತ್ತಲಾಗಲಿಲ್ಲ. "ನೀನು ಮದ್ವಿ ಮಾಡ್ಕೊಂತಿಯೋ, ಟೆಸ್ಟ್ ಮಾಡ್ತಿಯೋ?" ಎಂದು ಗದರಿದರು. ಮೂರನೆಯ ಉಪ್ಪಿಟ್ಟಿನ ನಂತರ ಅವಳು, "ಮೂರು ಸಲನೂ ಅದೇ ಮನುಷ್ಯ" ಎಂದು ಒಪ್ಪಿಕೊಂಡಳು. ರಾಜಕುಮಾರ್ ಈಗಲೂ ಈ ಮಾತನ್ನು ಪ್ರಶಸ್ತಿಪತ್ರದಂತೆ ಬಂದವರಿಗೆಲ್ಲ ಹೇಳುತ್ತಾನೆ.

ನಾನು ಅವಳಿಗೆ ಎಂ.ಎಸ್ಸಿ. ತರಗತಿಯಲ್ಲಿ ರಾಸಾಯನಿಕ ವಿಶ್ಲೇಷಣೆ ಹೇಳಿಕೊಟ್ಟವಳು. ಈ ಗುಣವನ್ನು ನಾನೇ ಕಲಿಸಿದೆ ಎಂದು ಹೇಳಿಕೊಳ್ಳಲು ಅವಕಾಶವಿಲ್ಲ, ಬರುವಾಗಲೇ ತಂದಿದ್ದಳು. ಅವಳಿಗಿಂತ ಚುರುಕಾದ ವಿದ್ಯಾರ್ಥಿಗಳು ನನಗೆ ಹಲವರು ಸಿಕ್ಕಿದ್ದಾರೆ, ಅವರಲ್ಲಿ ಹೆಚ್ಚಿನವರನ್ನು ಮರೆತಿದ್ದೇನೆ. ಚುರುಕುತನ ಸಾಧಾರಣ ಗುಣ. ಒಂದು ಬಟ್ಟಲನ್ನು ಒಲೆಯಲ್ಲಿಟ್ಟು, ತೆಗೆದು, ಆರಿಸಿ, ತೂಗಿ, ಮತ್ತೆ ಒಲೆಯಲ್ಲಿಟ್ಟು, ತೂಕ ಇನ್ನು ಇಳಿಯುವುದಿಲ್ಲ ಎಂದು ಖಾತರಿಯಾಗುವವರೆಗೆ ಬೇಸರವಿಲ್ಲದೆ, ಅಷ್ಟೇ ಅಲ್ಲ, ಸಣ್ಣಗೆ ಗುನುಗಿಕೊಂಡು ಕುಳಿತಿರುವ ಹುಡುಗಿಯನ್ನು ನಾನು ಒಬ್ಬಳನ್ನೇ ನೋಡಿದ್ದು.

ಅವಳ ಮನೆತನ ಶಿರಾಳಕೊಪ್ಪದ ಪೇಟೆಯಲ್ಲಿ ಎಣ್ಣೆ ವ್ಯಾಪಾರದ್ದು. ಮಹೇಶ್ವರಪ್ಪನವರ ಅಂಗಡಿಯ ಹೊಸ್ತಿಲಿಗೂ ಹೊಳಪಿತ್ತು. ಮನೆಯವರು ಮುಟ್ಟಿದ ನೋಟು, ಪುಸ್ತಕ, ಕದದ ಚಿಲಕ ಎಲ್ಲಕ್ಕೂ ಒಂದು ಪಸೆ. ಶೇಂಗಾ, ಕುಸುಬೆ, ಎಳ್ಳು, ತೆಂಗು ಎಂದು ಎಣ್ಣೆಯ ಡಬ್ಬಿಗಳನ್ನು ಕಣ್ಣು ಮುಚ್ಚಿ ಬರೀ ವಾಸನೆಯಿಂದ ಹೇಳುವುದು ಆ ಮನೆಯ ಮಕ್ಕಳ ಆಟವಾಗಿತ್ತು. ಅಂಥ ಮನೆಯ ಮಗಳು ಬೆಳೆದು ದೊಡ್ಡವಳಾಗಿ ಎಣ್ಣೆಯನ್ನು ಕಂಡರೆ ಮಾರುದೂರ ಸರಿಯುವಂತಾದಳು. ತೂಗುವ ಕೆಲಸವಿರುವ ದಿನ ತಲೆಗೆ ಎಣ್ಣೆ ಹಚ್ಚುವುದಿಲ್ಲ, ಕೂದಲನ್ನು ಒಗೆದ ಬಟ್ಟೆಯಿಂದ ಬಿಗಿದು ಕಟ್ಟುತ್ತಾಳೆ, ಸೀಸೆಗಳನ್ನು ಬೆರಳಿನಿಂದ ಮುಟ್ಟದೆ ಚಿಮಟದಿಂದ ಎತ್ತುತ್ತಾಳೆ. ಮನುಷ್ಯನ ಬೆರಳ ತುದಿಯಲ್ಲಿಯೂ ತಕ್ಕಡಿಯನ್ನು ಕೆಡಿಸುವಷ್ಟು ಜಿಡ್ಡಿದೆ. "ಎಣ್ಣಿ ಅಂಗಡಿ ಮಗಳ ತಲಿ ನೋಡ್ರಿ, ತೆಂಗಿನ ನಾರಾಗೈತಿ" ಎಂದು ಅವಳ ತಾಯಿ ಬಂಧುಗಳ ಮುಂದೆ ಕೊರಗುತ್ತಿದ್ದರಂತೆ.

ನಡಿಗೆ ತುಂಬಿದ ಕೊಡ ಹೊತ್ತವರದು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಭುಜ ಅಲುಗದಂತೆ, ಹೆಜ್ಜೆಯನ್ನು ಇಡುವ ಬದಲು ಇಳಿಸುತ್ತ ನಡೆಯುತ್ತಾಳೆ. ಹೊರಡುತ್ತಿರುವ ಬಸ್ಸಿನ ಹಿಂದೆ ಓಡುವಾಗಲೂ ಹಾಗೆಯೇ ಓಡುತ್ತಾಳೆ, ಆದ್ದರಿಂದ ಅವಳಿಗೆ ಬಸ್ಸು ತಪ್ಪಿದ್ದೇ ಹೆಚ್ಚು. ಅವಳ ಪ್ರಯೋಗಾಲಯದ ಕೋಟು ಬಿಳಿಯದಲ್ಲ. ಮಹೇಶ್ವರಪ್ಪನವರು ಹಮಾಲರ ಅಂಗಿಗೆಂದು ತರಿಸಿದ್ದ ದಪ್ಪ ನೀಲಿ ಬಟ್ಟೆಯ ಉಳಿದ ತುಂಡಿನಲ್ಲಿ ಹೊಲಿಸಿದ್ದು. ಬಿಳಿಯ ಕೋಟಿನ ಮೇಲೆ ಪಾಚಿಯ ಹಸಿರು ಕೂತರೆ ಹೋಗುವುದಿಲ್ಲ ಎನ್ನುವುದು ಕಾರಣ. ಈಗ ನೀಲಿಯ ಮೇಲೆ ಹಸಿರು ಕೂತು, ದೂರದಿಂದ ನೋಡಿದವರಿಗೆ ಕೆರೆಯೊಂದು ಮೊಣಕೈ ಒತ್ತಿಕೊಂಡು ಬರುತ್ತಿರುವಂತೆ ತೋರುತ್ತದೆ.

ಪಾಚಿಯ ವಿಷಯಕ್ಕೆ ಬರಬೇಕು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಕೆರೆಯ ನೀರನ್ನು ಹಸಿರಾಗಿಸುವ ಪಾಚಿಯ ಒಂದೊಂದು ಜೀವವೂ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ತನ್ನ ಒಳಗೆ ಜಿಡ್ಡು ಕೂಡಿಡುತ್ತದೆ. ಆ ಜಿಡ್ಡಿನಿಂದ ವಾಹನ ಓಡಿಸುವ ಇಂಧನ ತೆಗೆಯಬಹುದೆಂದು ವಿಜ್ಞಾನಿಗಳು ಬಹಳ ಕಾಲದಿಂದ ಆಸೆಪಟ್ಟಿದ್ದಾರೆ. ಹೊಟ್ಟೆಗೆ ಚೆನ್ನಾಗಿ ಹಾಕಿದರೆ ಪಾಚಿ ಮರಿ ಹಾಕುತ್ತ ಹೋಗುತ್ತದೆ. ಸಾರಜನಕ ಕೊಡದೆ ಉಪವಾಸ ಕೆಡವಿದರೆ ಗಾಬರಿಯಾಗಿ ಕೊಬ್ಬು ಕೂಡಿಸಿಕೊಳ್ಳುತ್ತದೆ. "ಉಪಾಸ ಇದ್ರ ದಪ್ಪಾಗ್ತೈತಿ ಅಂದ್ರ ಅದು ನಮ್ಮ ಪೈಕೀನೇ" ಎಂದು, ಪ್ರತಿ ಸೋಮವಾರ ಉಪವಾಸ ಮಾಡುವ ರಾಜಕುಮಾರ್ ತನ್ನ ಹೊಟ್ಟೆ ನೀವಿಕೊಂಡ.

ನೀಲಾಂಬಿಕ ಪಾಠ ಹೇಳುವ ಶಿಕಾರಿಪುರದ ಕಾಲೇಜಿಗೆ ಈ ಕೆಲಸ ಬಂದದ್ದು ಕುಪ್ಪಗಡ್ಡೆಯ ಮಧುಕೇಶ್ವರನಿಂದ. ಅವನು ಸೊರಬದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕ. ಉತ್ಸಾಹಿ, ಮಾತುಗಾರ, ಮನೆಯ ಹಿಂದಿನ ಬಯಲಿನಲ್ಲಿ ಟಾರ್ಪಾಲು ಹಾಸಿ ಕೊಳ ಮಾಡಿ ಪಾಚಿ ಬೆಳೆಸಿದವನು. ಅವನು ಬೆಳೆಸುವುದು, ಅವಳು ಜಿಡ್ಡು ಅಳೆಯುವುದು ಎಂದು ಒಪ್ಪಂದವಾಗಿ, ಬೆಂಗಳೂರಿನ ಒಂದು ಸಮಿತಿಯಿಂದ ಮೊದಲ ಹಂತದ ನೆರವು ದೊರೆತು, ಕಾಲೇಜಿನ ಮಹಡಿಯಲ್ಲಿ ಒಂದು ಕೋಣೆ ಅವಳಿಗೆ ಸಿಕ್ಕಿತು. ಆ ಕೋಣೆ ಅವಳನ್ನು ಬದಲಿಸಿತು. ಅಲ್ಲಿಯವರೆಗೆ ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಅದೇ ಲವಣವನ್ನು ಕೊಟ್ಟು, ಅದೇ ಉತ್ತರವನ್ನು ಬರೆಸಿಕೊಂಡು ಬಂದವಳಿಗೆ, ಉತ್ತರ ಯಾರಿಗೂ ಗೊತ್ತಿರದ ಪ್ರಶ್ನೆ ಮೊದಲ ಬಾರಿಗೆ ಕೈಗೆ ಬಂದಿತ್ತು. ಆ ಕಾಲದಲ್ಲಿ ಅವಳು ಫೋನು ಮಾಡಿದರೆ ಕುಶಲ ಕೇಳುವುದನ್ನೂ ಮರೆತು, "ಮೇಡಂ, ಇವತ್ತು ತೂಕ ನಿಂತಿತು!" ಎಂದು ಆರಂಭಿಸುತ್ತಿದ್ದಳು.

ಒಮ್ಮೆ ಹೋಗಿ ನೋಡಿದೆ. ಜಿಡ್ಡು ಅಳೆಯುವುದಕ್ಕೆ ಅವಳು ಎರಡು ದಾರಿ ಇಟ್ಟುಕೊಂಡಿದ್ದಳು. ಮೊದಲನೆಯದರಲ್ಲಿ, ಒಣಗಿದ ಪಾಚಿಯ ಪುಡಿಯನ್ನು ಕ್ಲೋರೋಫಾರ್ಮ್ ಮತ್ತು ಮೆಥನಾಲಿನ ಮಿಶ್ರಣದಲ್ಲಿ ಅರೆದು, ನೀರು ಬೆರೆಸಿ ಬಿಡುತ್ತಾಳೆ. ಮಜ್ಜಿಗೆಯಲ್ಲಿ ಬೆಣ್ಣೆ ಮೇಲೆ ಬಂದರೆ ಇಲ್ಲಿ ತಿರುವುಮುರುವು: ಜಿಡ್ಡನ್ನೆಲ್ಲ ಹೊತ್ತ ಕ್ಲೋರೋಫಾರ್ಮ್ ಕಡುಹಸಿರು ಪದರವಾಗಿ ತಳಕ್ಕೆ ಇಳಿಯುತ್ತದೆ. ಅದನ್ನು ಪುಟ್ಟ ಸೀಸೆಗೆ ಇಳಿಸಿಕೊಂಡು ದ್ರವವನ್ನೆಲ್ಲ ಆರಿಸಿದರೆ ಉಳಿಯುವ ಅಂಟೇ ಜಿಡ್ಡು, ಅದನ್ನು ತೂಗಬೇಕು. ಎರಡನೆಯ ದಾರಿ ಚಂದದ್ದು. ಹಸಿ ಪಾಚಿಯ ಒಂದು ಹನಿಗೆ ಆಮ್ಲ ಹಾಕಿ ಕಾಯಿಸಿ, ಐಸ್‌ಕ್ರೀಮಿನ ಪರಿಮಳ ಬರುವ ವೆನಿಲಿನ್ ಎಂಬ ಪದಾರ್ಥವನ್ನು ಬೆರೆಸಿದರೆ ಗುಲಾಬಿ ಬಣ್ಣ ಏರುತ್ತದೆ. ಜಿಡ್ಡು ಹೆಚ್ಚಿದಷ್ಟೂ ಬಣ್ಣ ಗಾಢ. ಆ ದಿನ ಇಡೀ ಮಹಡಿ ಜಾತ್ರೆಯ ಐಸ್‌ಕ್ರೀಮ್ ಗಾಡಿಯಂತೆ ಘಮಘಮಿಸುತ್ತಿತ್ತು. ಗುಲಾಬಿ ನಳಿಕೆಗಳನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತ ಅವಳ ಮುಖದಲ್ಲಿ, ಮದುವೆಯ ಮನೆಯಲ್ಲಿ ಹೊಸ ಸೀರೆಗಳನ್ನು ಬಿಚ್ಚಿ ನೋಡುವ ಹೆಂಗಸರ ಮುಖದಲ್ಲಿರುವ ಲೋಭವಿತ್ತು.

"ಒಂದೇ ದಾರಿ ಸಾಲದೇನು?" ಎಂದು ನಾನು ಪರೀಕ್ಷೆ ಮಾಡುವವಳಂತೆ ಕೇಳಿದೆ.

"ಸೊರಬದಿಂದ ಬಂದ್ರೂ ಶಿಕಾರಿಪುರದಿಂದ ಬಂದ್ರೂ ಶಿರಾಳಕೊಪ್ಪ ಅದೇ ಜಾಗದಾಗ ಇರ್ಬೇಕಲ್ರಿ ಮೇಡಂ" ಎಂದಳು.

ಆ ವರ್ಷದ ಚಳಿಗಾಲಕ್ಕೆ ಸಮಿತಿಯವರು ಬಂದು ನೋಡಿ ತೀರ್ಮಾನ ಹೇಳುವುದೆಂದಾಯಿತು. ಜಿಡ್ಡು ಶೇಕಡಾ ಮೂವತ್ತು ದಾಟಿದರೆ ಎರಡನೇ ಹಂತ: ಕುಪ್ಪಗಡ್ಡೆಯಲ್ಲಿ ದೊಡ್ಡ ಕೊಳ, ಶಿಕಾರಿಪುರದಲ್ಲಿ ಹೊಸ ಉಪಕರಣ. ದಾಟದಿದ್ದರೆ ಯೋಜನೆ ಮುಗಿಯಿತು. ಪ್ರಿನ್ಸಿಪಾಲರು ಇನ್ನಷ್ಟು ಸ್ಪಷ್ಟವಾಗಿ ಹೇಳಿದರು: ಯೋಜನೆ ಮುಗಿದರೆ ಮಹಡಿಯ ಕೋಣೆ ಪರೀಕ್ಷಾ ವಿಭಾಗಕ್ಕೆ, ಉತ್ತರಪತ್ರಿಕೆಗಳ ಮೂಟೆಗಳು ವರಾಂಡದಲ್ಲಿ ನೆನೆಯುತ್ತಿವೆ. ಆ ವಾರ ನೀಲಾಂಬಿಕ ಕೋಣೆಯ ಕಿಟಕಿಗಳನ್ನು ತಾನೇ ಒರೆಸಿದಳೆಂದು ರಾಜಕುಮಾರ್ ನನಗೆ ಹೇಳಿದ. ಮನೆಯ ಕಿಟಕಿ ಒರೆಸುವ ಅಭ್ಯಾಸ ಅವಳಿಗಿಲ್ಲ.

ಅಲ್ಲಿಯವರೆಗೆ ಪಾಚಿ ಸ್ವಲ್ಪಸ್ವಲ್ಪವೇ ಬರುತ್ತಿತ್ತು, ಕಾಲೇಜಿನ ಸಣ್ಣ ವಿದ್ಯುತ್ ಒಲೆಯಲ್ಲಿ ಒಣಗುತ್ತಿತ್ತು. ಸಮಿತಿಗೆ ತೋರಿಸಲು ದೊಡ್ಡ ಪ್ರಮಾಣ ಬೇಕಾಯಿತು. ಹಸಿ ಪಾಚಿಯನ್ನು ಕುಪ್ಪಗಡ್ಡೆಯಿಂದ ಬಸ್ಸಿನಲ್ಲಿ ತಂದರೆ ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ವಾಸನೆ ಹೊಡೆದು, ಕಂಡಕ್ಟರ್ ಇಳಿಸುವುದೊಂದು ಬಾಕಿ. ಆದ್ದರಿಂದ ಅಲ್ಲಿಯೇ, ಮಧುಕೇಶ್ವರನ ಮನೆಯ ತಾರಸಿಯ ಮೇಲೆ, ಪ್ಲಾಸ್ಟಿಕ್ ಹಾಳೆಯಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸುವುದೆಂದು ಗೊತ್ತುಮಾಡಿದರು. ಮಧುಕೇಶ್ವರನ ಚಿಕ್ಕಮ್ಮ ಸುಬ್ಬಲಕ್ಷ್ಮಿ ಉಸ್ತುವಾರಿಗೆ ಒಪ್ಪಿದರು. ಸುತ್ತಿನ ಊರುಗಳಲ್ಲಿ ಹಲಸಿನ ಹಪ್ಪಳಕ್ಕೆ ಅವರ ಹೆಸರೇ ಹೆಸರು. ಹಾಳೆ, ಬಿಸಿಲು, ಕಾಗೆ ಮೂರನ್ನೂ ಅವರಷ್ಟು ಬಲ್ಲವರಿಲ್ಲ. ನೀಲಾಂಬಿಕ ತಾನೇ ಹೋಗಿ, ಹಾಳೆಗಳನ್ನು ಸೋಪು ಹಾಕಿ ತೊಳೆಸಿ, ಬೆಳಕಿಗೆ ಹಿಡಿದು ನೋಡಿ ಬಂದಳು.

ಒಣಗಿದ ಪಾಚಿ ಹಸಿರು ಹಪ್ಪಳದ ಕಟ್ಟಿನಂತೆ ಬಂತು. ಪುಡಿ ಮಾಡಿ, ಒಲೆಯಲ್ಲಿ ಮತ್ತೆ ಒಣಗಿಸಿ, ತೂಕ ನಿಲ್ಲಿಸಿ, ಜಿಡ್ಡು ತೆಗೆದು ತೂಗಿದಳು. ಶೇಕಡಾ ಮೂವತ್ತಾರು. "ಇರ್ಲಿ, ಇನ್ನೊಂದ್ಸಲ" ಎಂದಳು. ಮೂವತ್ತಾರು. ಬೇರೆ ಸೀಸೆ, ಹೊಸ ದ್ರವ, ಮೂವತ್ತಾರು.

ಮಧುಕೇಶ್ವರ ಸೊರಬದ ಬೇಕರಿಯಿಂದ ಸ್ವೀಟು ತರಿಸಿ ಹಂಚಿದ. ಪ್ರಿನ್ಸಿಪಾಲರು ಕಾಲೇಜಿನ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಮೂವತ್ತಾರು ಎಂಬ ಅಂಕಿ ಎಮ್ಮೆಯ ಗಾತ್ರಕ್ಕಿತ್ತು, ಪಕ್ಕದಲ್ಲಿ ಆಡಳಿತ ಮಂಡಳಿಯವರೆಲ್ಲರ ಭಾವಚಿತ್ರಗಳಿದ್ದವು, ಪಾಚಿಯದಿರಲಿಲ್ಲ. ನೀಲಾಂಬಿಕ ಮಾತ್ರ ಸ್ವೀಟಿನ ಪೊಟ್ಟಣವನ್ನು ಬಿಚ್ಚಲಿಲ್ಲ. ಅದೇ ಕೊಳದ ಹಸಿ ಪಾಚಿಯಲ್ಲಿ ಗುಲಾಬಿ ಬಣ್ಣ ಹೇಳುತ್ತಿದ್ದುದು ಹದಿನೆಂಟು.

"ಬಣ್ಣದ್ದು ಎಂತದು ಮೇಡಂ, ಅದನ್ನ ಬಿಡಿ" ಎಂದ ಮಧುಕೇಶ್ವರ ಫೋನಿನಲ್ಲಿ. "ತೂಕದ್ದು ತೂಕದ್ದೇ. ನೀವೇ ಮೂರು ಸಲ ತೂಗಿದೀರಲ್ಲ!"

ತೂಗಿದ್ದಳು. ಅದೇ ಅವಳ ಸಂಕಟ. ಜೀವಮಾನವಿಡೀ ಅವಳು ನಂಬಿದ್ದ ಒಂದೇ ಒಂದು ದೇವರು, ಅಂದರೆ ಮತ್ತೆ ತೂಗಿದರೂ ಬದಲಾಗದ ತೂಕ, ಅಲ್ಲಾಡದೆ ಅವಳೆದುರು ನಿಂತು ಮೂವತ್ತಾರು ಎನ್ನುತ್ತಿತ್ತು. ಮತ್ತೆ ತೂಗುವುದರಿಂದ ಏನೂ ತಿಳಿಯದ ಸ್ಥಿತಿ ಅವಳಿಗೆ ಹೊಸದು. ಬಣ್ಣವನ್ನು ಸುಳ್ಳೆನ್ನುವುದು ಸುಲಭವಿತ್ತು, ಲಾಭದಾಯಕವೂ ಆಗಿತ್ತು. ಹಾಗಾಗಿಯೇ ಅವಳಿಗೆ ಅದು ಹಿಡಿಸಲಿಲ್ಲ.

ಸಮಿತಿ ಬರುವ ಹಿಂದಿನ ದಿನ ಬೆಳಗ್ಗೆ ಅವಳು ಬೇಗ ಕಾಲೇಜಿಗೆ ಹೋಗಿ ಕೋಣೆಯ ಬಾಗಿಲು ತೆರೆದಳು. ಪುಷ್ಯದ ಚಳಿ, ಮೇಜಿನ ಕಲ್ಲು ಮುಟ್ಟಿದರೆ ಕೈ ಸೇದುತ್ತಿತ್ತು. ಸೀಸೆಗಳನ್ನು ಒಂದೊಂದಾಗಿ ಚಿಮಟದಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದಿನ ತಿಂಗಳ ಒಲೆಯ ಪಾಚಿಯ ಜಿಡ್ಡು ಎಂದಿನಂತೆ ಡಾಂಬರಿನಂಥ ಹಸಿರು ಅಂಟಾಗಿ ತಳಕ್ಕೆ ಕಚ್ಚಿಕೊಂಡಿತ್ತು. ತಾರಸಿಯ ಪಾಚಿಯ ಸೀಸೆಯಲ್ಲಿ ಮಾತ್ರ, ಹಸಿರಿನ ಅಂಚಿನಲ್ಲಿ, ಬೆಳ್ಳನೆಯ ರವೆ ಕಟ್ಟಿತ್ತು. ಅವಳು ಚಿಮಟವನ್ನು ಕೆಳಗಿಟ್ಟು ಸೀಸೆಯನ್ನು ಬರಿಗೈಯಲ್ಲಿ ಹಿಡಿದುಕೊಂಡಳು. ಅಂಗೈಯ ಬಿಸಿಗೆ ರವೆ ಕರಗಿತು. ಕಲ್ಲಿನ ಮೇಲಿಟ್ಟು ಕಾದಳು, ಮತ್ತೆ ಕಟ್ಟಿತು.

ಚಳಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ, ಕೈಬಿಸಿಗೆ ಕರಗುವ ಆ ವಸ್ತುವನ್ನು ಗುರುತಿಸಲು ಅವಳಿಗೆ ಪುಸ್ತಕ ಬೇಕಿರಲಿಲ್ಲ. ಚಳಿಗಾಲದ ಬೆಳಗ್ಗೆ ಅಂಗಡಿಯ ತೆಂಗಿನೆಣ್ಣೆಯ ಬಾಟಲಿಗಳನ್ನು ಬಿಸಿಲಿಗೆ ಸಾಲಾಗಿ ಇಡುವುದು ಅವಳ ಬಾಲ್ಯದ ಕೆಲಸವಾಗಿತ್ತು.

ರಾಜಕುಮಾರ್ ಅಂಗಡಿಯ ಶಟರ್ ಎಳೆದು ಬೈಕು ತೆಗೆದ. ಹಿಂದೆ ಕುಳಿತವಳದು ಸಿಟ್ಟೋ ದುಃಖವೋ ತಿಳಿಯದೆ ಅವನು ಶಿರಾಳಕೊಪ್ಪ ದಾಟುವವರೆಗೂ ಹೊಂಡಗಳನ್ನು ತಪ್ಪಿಸುವುದರಲ್ಲಿ ವಿಶೇಷ ಶ್ರದ್ಧೆ ತೋರಿಸಿದ.

ಕುಪ್ಪಗಡ್ಡೆಯ ತಾರಸಿಯ ಮೇಲೆ ಸುಬ್ಬಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು, ಒಣಗಿದ ಪಾಚಿಯನ್ನು ಹಾಳೆಯಿಂದ ಎಬ್ಬಿಸುತ್ತಿದ್ದರು. ಪಕ್ಕದಲ್ಲಿ ಮಧುಕೇಶ್ವರ ಡಬ್ಬಿ ಹಿಡಿದು ನಿಂತಿದ್ದ.

"ಬಾ ತಂಗಿ, ಬಾ. ನೋಡು ನಿನ್ ಪಾಚಿ ಹೆಂಗೆ ಎದ್ದು ಬರ್ತದೆ! ಹಲಸಿನ ಹಪ್ಪಳನೂ ಇಷ್ಟು ಚಂದ ಏಳದಿಲ್ಲ."

"ಸುಬ್ಬಲಕ್ಷ್ಮಮ್ಮ, ಹಾಳೆಗೆ ಏನಾದ್ರೂ ಹಚ್ತೀರಾ?"

"ಹಚ್ಚದೆ ಇದ್ರೆ ಏಳ್ತದನೆ? ಎಣ್ಣೆ ಪಸೆ ಮಾಡದು."

"ಯಾವ ಎಣ್ಣೆ?"

"ಮನೇದೇ ತೆಂಗಿನೆಣ್ಣೆ" ಎಂದ ಸುಬ್ಬಲಕ್ಷ್ಮಿಯವರಿಗೆ ಪ್ರಶ್ನೆಯಲ್ಲಿ ಏನೋ ಆಪಾದನೆ ಕಂಡಿರಬೇಕು, ಸೆಟೆದು ನಿಂತರು. "ಅಂಗಡೀದಲ್ಲ ಮತ್ತೆ! ನಿಮ್ ಕಾಲೇಜಿನ ಕೆಲ್ಸಕ್ಕೆ ನಾನು ಕಲಬೆರಕೆದು ಹಚ್ತೀನಾ?"

ಮಧುಕೇಶ್ವರನ ಕೈಯಿಂದ ಡಬ್ಬಿ ಬಿತ್ತು. "ಚಿಕ್ಕಮ್ಮಾ! ನಾವು ಅಳೀತಾ ಇರದೇ ಎಣ್ಣೆ ಕಣೇ!"

"ಹಂಗಂತ ನೀ ಹೇಳಿದ್ಯನ? ಮೊದಲ್ನೇ ದಿನ ನೀ ಕತ್ತಿ ತಗಂಡು ಕೆರೀತಿದ್ದೆ, ಹಾಳೆಯೆಲ್ಲ ತೂತು. ನೋಡಕಾಗ್ದೆ ಹಚ್ಚಿದೆ. ಅಲ್ಲ, ಎಣ್ಣೆ ಬೇಕಿದ್ರೆ ನನ್ನತ್ರ ಕೇಳದಲ್ಲನ? ಒಂದ್ ಡಬ್ಬಿ ಕೊಡ್ತಿದ್ನಪ್ಪ. ಆ ಗಲೀಜಿಂದ ಎಂತಕ್ಕೆ ತೆಗೀತೀರಿ?"

ನೀಲಾಂಬಿಕ ತಾರಸಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅವಳು ಅಳುತ್ತಿದ್ದಾಳೆಂದುಕೊಂಡು ರಾಜಕುಮಾರ್ ಮುಂದೆ ಬಂದ. ಅವಳು ನಗುತ್ತಿದ್ದಳು, ತಲೆಗೆ ಕಟ್ಟಿದ ಬಟ್ಟೆ ಜಾರಿ ಹೆಗಲ ಮೇಲೆ ಬಿದ್ದರೂ ಎತ್ತಿಕೊಳ್ಳಲಾಗದಷ್ಟು, ಮೊಣಕೈಗಳು ಪಕ್ಕೆಯಿಂದ ಬಿಟ್ಟುಹೋಗುವಷ್ಟು ನಗುತ್ತಿದ್ದಳು. ಬಣ್ಣವೂ ಸುಳ್ಳು ಹೇಳಿರಲಿಲ್ಲ, ತಕ್ಕಡಿಯೂ ಸುಳ್ಳು ಹೇಳಿರಲಿಲ್ಲ. ಎರಡೂ ತಮ್ಮ ಮುಂದೆ ಇಟ್ಟದ್ದನ್ನು ನಿಷ್ಠೆಯಿಂದ ಹೇಳಿದ್ದವು. ಪಾಚಿಯ ಜೊತೆಗೆ ಕುಪ್ಪಗಡ್ಡೆಯ ತೆಂಗನ್ನೂ ತೂಗಿದ್ದಳು. ಎಣ್ಣೆ ಆವಿಯಾಗಿ ಹೋಗುವ ವಸ್ತುವಲ್ಲ, ಆದ್ದರಿಂದ ಒಲೆಯಲ್ಲಿಟ್ಟು ಎಷ್ಟು ಸಲ ತೂಗಿದರೂ ತೂಕ ನಿಂತಲ್ಲೇ ನಿಂತಿತ್ತು.

"ಮೂರು ಸಲನೂ ಅದೇ ಬಂತು, ಮೂರು ಸಲನೂ ತಪ್ಪು!" ಎಂದಳು ಕಣ್ಣೊರೆಸಿಕೊಳ್ಳುತ್ತ.

"ಹಂಗಾರೆ ನನ್ನ ಕೇಸೂ ಒಂದ್ಸಲ ತೆಗೆದು ನೋಡ್ಬೇಕಾಗ್ತೈತಿ" ಎಂದ ರಾಜಕುಮಾರ್. "ನಾನೂ ಮೂರ್ ಸಲ ಒಂದೇ ನಮೂನಿ ಅಂಗಿ ಹಾಕ್ಕೊಂಡು ಬಂದಿದ್ದೆ."

ನಗು ಇಳಿದ ಮೇಲೆ ಮಧುಕೇಶ್ವರ ಅವಳನ್ನು ಪಕ್ಕಕ್ಕೆ ಕರೆದ. ನಾಳೆ ಸಮಿತಿ, ಗೇಟಿನಲ್ಲಿ ಫ್ಲೆಕ್ಸು, ಊರಿಗೆಲ್ಲ ಹೇಳಿಯಾಗಿದೆ. "ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ ಮೇಡಂ. ನಾಳೆ ಒಂದಿನ ಸುಮ್ನಿರಿ. ಎರಡನೇ ಹಂತ ಆದ್ಮೇಲೆ ಮತ್ತೆ ಒಣಗಿಸಿ, ಮತ್ತೆ ಅಳೆದು, ತಿದ್ದುಪಡಿ ಕಳ್ಸಣ. ಇಲ್ದಿದ್ರೆ ನನ್ ಕೊಳ ಹೋಗ್ತದೆ, ನಿಮ್ ಕೋಣೆ ಹೋಗ್ತದೆ."

ಅವನು ಕೆಟ್ಟ ಮನುಷ್ಯನಲ್ಲ. ಅವನ ಮಾತಿನಲ್ಲಿ ಲೋಕದ ವಿವೇಕವಿತ್ತು, ಅವಳ ಕೋಣೆಯ ಬಗ್ಗೆ ನಿಜವಾದ ಕಾಳಜಿಯೂ ಇತ್ತು.

"ಸರ್, ನಂಗೆ ಈಗ ಗೊತ್ತಾಗೈತಿ" ಎಂದಳು. "ಗೊತ್ತಿಲ್ದೆ ಇದ್ದಂಗೆ ಮುಖ ಹೆಂಗ್ ಇಟ್ಕೊಳ್ಳೋದು ಅಂತ ಗೊತ್ತಿಲ್ಲ."

ಮಧ್ಯಾಹ್ನ ಅವಳು ಅದೇ ಕೊಳದ ಪಾಚಿಯನ್ನು ಸುಬ್ಬಲಕ್ಷ್ಮಿಯವರಿಂದ ಕೇಳಿ ಪಡೆದ ಸ್ಟೀಲ್ ತಟ್ಟೆಯಲ್ಲಿ ಶಿಕಾರಿಪುರಕ್ಕೆ ತಂದು, ರಾತ್ರಿಯೊಳಗೆ ಕಾಲೇಜಿನ ಒಲೆಯಲ್ಲಿ ಎಣ್ಣೆ ಸೋಕದಂತೆ ಒಣಗಿಸಿ, ಜಿಡ್ಡು ತೆಗೆದು ತೂಗಿದಳು. ಜೊತೆಗೆ ಪಾಚಿಯೇ ಇಲ್ಲದ, ಎಣ್ಣೆ ಹಚ್ಚಿದ ಖಾಲಿ ಹಾಳೆಯೊಂದನ್ನು ಅದೇ ದ್ರವದಲ್ಲಿ ತೊಳೆದು, ಬಂದ ಜಿಡ್ಡನ್ನೂ ತೂಗಿದಳು. ತಟ್ಟೆಯ ಪಾಚಿ ಹದಿನೆಂಟು ಎಂದಿತು. ಖಾಲಿ ಹಾಳೆ ಉಳಿದದ್ದನ್ನೆಲ್ಲ ಒಪ್ಪಿಕೊಂಡಿತು.

ಮರುದಿನ ಸಭೆಗೆ ನಾನೂ ಹೋಗಿದ್ದೆ. ಹಳೆಯ ಅಧ್ಯಾಪಕಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮರೆತುಬಿಡುವ ಸಂಪ್ರದಾಯದಂತೆ ನನ್ನನ್ನು ಕೂರಿಸಿದ್ದರು. ಪ್ರಿನ್ಸಿಪಾಲರು ಹಾರ, ಸ್ವಾಗತ, ಫ್ಲೆಕ್ಸಿನ ಕಡೆ ಕೈ ಎಲ್ಲ ಮುಗಿಸಿ ಮೈಕು ಕೊಟ್ಟರು. ನೀಲಾಂಬಿಕ ನೀಲಿ ಕೋಟಿನಲ್ಲಿ, ತುಂಬಿದ ಕೊಡದ ನಡಿಗೆಯಲ್ಲಿ ವೇದಿಕೆಗೆ ಬಂದು, ಪೀಠಿಕೆಯಿಲ್ಲದೆ ಆರಂಭಿಸಿದಳು.

"ಗೇಟಿನಲ್ಲಿ ಬರೆದಿರುವ ಅಂಕಿ ತಪ್ಪು. ಅದರಲ್ಲಿ ಅರ್ಧ ತೆಂಗಿನೆಣ್ಣೆ."

ಅವಳು ಹಾಳೆ, ಹಪ್ಪಳ, ಬಿಳಿಯ ರವೆ, ಖಾಲಿ ಹಾಳೆಯ ತೂಕ ಎಲ್ಲವನ್ನೂ ಹೇಳುತ್ತ ಹೋದಂತೆ ಅವಳ ದನಿ ಏರುತ್ತ ಹೋಯಿತು. ನಾಚಿಕೆಯಿಂದ ಏರಿದ್ದಲ್ಲ, ಒಳ್ಳೆಯ ಕಥೆಯನ್ನು ಮೊದಲ ಬಾರಿಗೆ ಹೇಳುವವರ ದನಿ ಏರುವಂತೆ ಏರಿತು. ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಸಮಿತಿಯ ಮುಖ್ಯಸ್ಥರೇ ನಕ್ಕರು. ಪ್ರಿನ್ಸಿಪಾಲರು ಮಾತ್ರ ಮೇಜಿನ ಮೇಲಿನ ಹೂವಿನ ಎಸಳುಗಳನ್ನು ಬಿಡಿಸುತ್ತ ಕುಳಿತಿದ್ದರು.

"ಹಾಗಾದರೆ ನಿಜವಾಗಿ ಎಷ್ಟು?" ಎಂದು ಮುಖ್ಯಸ್ಥರು ಕೇಳಿದರು.

"ಹದಿನೆಂಟು. ನೀವು ಹೋದ ಮೇಲೆ ಇನ್ನೊಂದ್ಸಲ ನೋಡ್ತೀನಿ."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಸುಬ್ಬಲಕ್ಷ್ಮಿಯವರು ಎದ್ದರು. ಸಮಿತಿಯವರಿಗೆಂದು ಹಲಸಿನ ಹಪ್ಪಳ ಕರಿದು ತಂದ ಡಬ್ಬಿ ಕಂಕುಳಲ್ಲಿತ್ತು. "ತಪ್ಪು ಈ ಹುಡ್ಗೀದಲ್ಲ ಸ್ವಾಮಿ, ಎಣ್ಣೆ ಹಚ್ಚಿದ್ದು ನಾನು. ಎಣ್ಣೆ ಒಳ್ಳೇದು. ಬೇಕಾರೆ ಅದನ್ನೂ ಟೆಸ್ಟ್ ಮಾಡ್ಸಿ."

ಮೂವತ್ತು ದಾಟದ್ದರಿಂದ ಎರಡನೇ ಹಂತ ಸಿಗಲಿಲ್ಲ. ಕುಪ್ಪಗಡ್ಡೆಯ ದೊಡ್ಡ ಕೊಳ ಆಗಲಿಲ್ಲ. ಮಧುಕೇಶ್ವರ ಕೆಲವು ವಾರ ಅವಳೊಡನೆ ಮಾತು ಬಿಟ್ಟಿದ್ದ. ಆದರೆ ಹಪ್ಪಳ ತಿನ್ನುವಾಗ ಮುಖ್ಯಸ್ಥರು ಯೋಚನೆಗೆ ಬಿದ್ದರು. ಸಮಿತಿ ನೆರವು ಕೊಟ್ಟಿದ್ದ ಬೇರೆ ಕೇಂದ್ರಗಳಿಂದ ಮೂವತ್ತರ ಮೇಲಿನ ಅಂಕಿಗಳು ಧಾರಾಳವಾಗಿ ಬಂದಿದ್ದವು, ಅಲ್ಲಿ ಪಾಚಿಯನ್ನು ಹೇಗೆ ಒಣಗಿಸುತ್ತಾರೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಪತ್ರ ಬಂತು: ಎಲ್ಲ ಕೇಂದ್ರಗಳ ಪಾಚಿಯೂ ಒಮ್ಮೆ ಶಿಕಾರಿಪುರದಲ್ಲಿ ಅಳೆಸಿಕೊಂಡು ಬರಬೇಕು. ಪ್ರಿನ್ಸಿಪಾಲರು ಕೋಣೆಯನ್ನು ಬಿಟ್ಟುಕೊಟ್ಟರು, ಉತ್ತರಪತ್ರಿಕೆಗಳಿಗೆ ವರಾಂಡದಲ್ಲೇ ಕಪಾಟು ಮಾಡಿಸಿದರು. ಎಲ್ಲ ಕೇಂದ್ರಗಳಿಗೂ ಹೋದ ಸೂಚನೆಗಳಲ್ಲಿ, ಒಣಗಿಸುವ ಹಾಳೆಗೆ ಎಣ್ಣೆ ಹಚ್ಚಕೂಡದು ಎಂಬುದೂ ಸೇರಿದೆ. ಹಪ್ಪಳ ಮಾಡಿ ಗೊತ್ತಿಲ್ಲದ ಊರಿನ ವಿಜ್ಞಾನಿಗಳು ಅದನ್ನು ಓದಿ, ಯಾರು ತಾನೆ ಹಚ್ಚುತ್ತಾರೆ ಎಂದು ಬೆರಗಾಗುತ್ತಾರಂತೆ. ಮಧುಕೇಶ್ವರನೂ ಈಗ ಮಾತಾಡುತ್ತಾನೆ. ಹದಿನೆಂಟನ್ನು ಇಪ್ಪತ್ತೆರಡಕ್ಕೆ ಏರಿಸುವ ಹೊಸ ಪಾಚಿಯೊಂದು ಅವನ ಕೊಳದಲ್ಲಿದೆ, ಮತ್ತು ಆ ಇಪ್ಪತ್ತೆರಡನ್ನು ಅವನು ಯಾರಿಗೂ ಹೇಳಿಲ್ಲ, ಅವಳು ಒಪ್ಪುವವರೆಗೆ.

ಕರಾರುವಾಕ್ಕಾದ ಮನುಷ್ಯರು ಒಣ ಮನುಷ್ಯರೆಂದು ಲೋಕದ ನಂಬಿಕೆ. ಅವರ ಜೊತೆ ಬದುಕುವುದು ಮುಳ್ಳಿನ ಮೇಲೆ ಕುಳಿತಂತೆ ಎನ್ನುತ್ತಾರೆ. ನಾನು ವೃತ್ತಿಯಿಂದಾಗಿ ಇಂಥವರನ್ನು ಹಲವರನ್ನು ಕಂಡಿದ್ದೇನೆ, ಅವರಲ್ಲಿ ಎರಡು ಬಗೆ. ಇತರರ ತಪ್ಪು ಹುಡುಕಿ ತೃಪ್ತರಾಗುವವರು ಮೊದಲನೆಯವರು. ಲೋಕದ ನಂಬಿಕೆ ಹುಟ್ಟಿರುವುದು ಅವರಿಂದ. ಎರಡನೆಯವರು ಅಪರೂಪ. ತಪ್ಪು ಸಿಕ್ಕಿದಾಗ ಅದು ಯಾರದೆಂದು ನೋಡುವ ಮೊದಲೇ ಅವರಿಗೆ ಖುಷಿಯಾಗಿಬಿಡುತ್ತದೆ. ತಮ್ಮದೇ ಎಂದು ಆಮೇಲೆ ತಿಳಿದರೂ ಆ ಖುಷಿಯನ್ನು ವಾಪಸು ಪಡೆಯುವುದು ಅವರಿಂದಾಗುವುದಿಲ್ಲ. ಇಂಥವರ ಜೊತೆ ಬದುಕುವವರನ್ನು ನೋಡಿ ಯಾರೂ ಮರುಗಬೇಕಾಗಿಲ್ಲ. ಅವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ದಿನ, ಸಾರು ಮಾಡಿದವರೂ ಸೇರಿ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ನಗುತ್ತ ಹಾಗೆಂದು ಹೇಳುತ್ತಾರೆ.